ಉಳುಕುವ ಕಾಲಿಗೆ ಒಳ ಅಟ್ಟೆ ಎಷ್ಟು ಆಸರೆ?

ಧಾರವಾಡದಲ್ಲಿ ಬಾಡಿಗೆ ಕೋಣೆ ಹಿಡಿದು ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆ ತಯಾರಾಗುವ ಹುಡುಗರು ಉಳುಕಿದ ಕಾಲೆಳೆಯುತ್ತ ಫಿಸಿಯೋಥೆರಪಿಗೆ ಬಂದಾಗ, ಓಡುವಾಗ ತೊಟ್ಟಿದ್ದ ಬೂಟನ್ನೂ ತರಲು ಹೇಳುವುದು ನನ್ನ ರೂಢಿ. ಈಚೆಗೆ ಆ ಬೂಟುಗಳೊಳಗೆ ಹೊಸದೊಂದು ವಸ್ತು ಕಾಣುತ್ತಿದೆ. ಪಾದದ ಕಮಾನಿನ ಜಾಗದಲ್ಲಿ ಉಬ್ಬಿರುವ, ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಕೊಂಡ ಇನ್‌ಸೋಲ್, ಅಂದರೆ ಒಳ ಅಟ್ಟೆ ಅದು. ನವಲಗುಂದ ಕಡೆಯ ಯುವಕನೊಬ್ಬ ಅದನ್ನು ಮೇಜಿನ ಮೇಲಿಟ್ಟು, "ಇದನ್ನ ಹಾಕ್ಕೊಂಡ ಮ್ಯಾಲೂ ಎರಡ ಸಲ ಉಳುಕೈತ್ರಿ ಸರ" ಎಂದ. ಅವನ ಪಾದವನ್ನು ಪರೀಕ್ಷಿಸಿದ ಮೇಲೆ, ಉಳುಕಿಗೆ ಆ ಅಟ್ಟೆಯೇ ಒಂದಿಷ್ಟು ಕಾರಣವಾಗಿರಬಹುದೆಂದು ನನಗೆ ಅನ್ನಿಸಿತು.

ಕಾಲು ಉಳುಕುವುದು ಬಹುಪಾಲು ಒಂದೇ ರೀತಿಯಲ್ಲಿ. ಅಂಗಾಲು ಒಳಮುಖವಾಗಿ ಮಗುಚಿ, ದೇಹದ ಭಾರವೆಲ್ಲ ಪಾದದ ಹೊರ ಅಂಚಿನ ಮೇಲೆ ಬೀಳುತ್ತದೆ. ಆಗ ಹೊರಬದಿಯ ಹರಡಿನ, ಅಂದರೆ ಕೀಲಿನ ಹೊರಗೆ ಉಬ್ಬಿ ಕಾಣುವ ಎಲುಬಿನ, ಮುಂದೆ ಇರುವ ಲಿಗಮೆಂಟು (ಎಲುಬಿಗೆ ಎಲುಬನ್ನು ಬಿಗಿಯುವ ನಾರಿನ ಪಟ್ಟಿ) ಮೊದಲು ಹಿಗ್ಗುತ್ತದೆ ಅಥವಾ ಹರಿಯುತ್ತದೆ. ಒಳಬದಿಯ ಲಿಗಮೆಂಟು ಅದಕ್ಕಿಂತ ಬಹಳ ಗಟ್ಟಿಯಾದ್ದರಿಂದ ಅಲ್ಲಿ ಉಳುಕು ವಿರಳ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಹೊಲ, ಹಾವೇರಿ ಕಡೆಯ ಹೋರಿ ಬೆದರಿಸುವ ಅಖಾಡ, ಕಬಡ್ಡಿ ಅಂಕಣ, ಮನೆಯ ಕೊನೆಯ ಮೆಟ್ಟಿಲು, ಎಲ್ಲಿ ಉಳುಕಿದರೂ ಪೆಟ್ಟು ಬೀಳುವ ಜಾಗ ಸಾಮಾನ್ಯವಾಗಿ ಇದೇ.

ಮೊದಲ ಎರಡು ಮೂರು ದಿನ ಅಟ್ಟೆಯ ಮಾತೇ ಬೇಡ. ನಮ್ಮ ಊರುಗಳಲ್ಲಿ ಉಳುಕು ತೆಗೆಯುವವರ ಬಳಿ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು, ಬಿಸಿ ಶಾಖ ಕೊಟ್ಟು, ಬಾವನ್ನು ಇಮ್ಮಡಿಯಾಗಿಸಿಕೊಂಡು ಬರುವವರು ಇಂದಿಗೂ ಕಡಿಮೆಯಿಲ್ಲ. ಹರಿದ ಎಳೆಗಳನ್ನು ಆಗ ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡುವುದು, ಕ್ರೇಪ್ ಬ್ಯಾಂಡೇಜ್ ಸುತ್ತುವುದು, ನೋವಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಡುವುದು ಸಾಕು. ಎಕ್ಸ್-ರೇ ಬೇಕೇ ಎಂಬುದಕ್ಕೆ ಕೆನಡಾದ ಒಟ್ಟಾವಾದಲ್ಲಿ ರೂಪುಗೊಂಡು 1992ರಲ್ಲಿ ಪ್ರಕಟವಾದ ನಿಯಮಗಳನ್ನು ನಾವು ಬಳಸುತ್ತೇವೆ. ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಹರಡಿನ ಎಲುಬಿನ ಹಿಂಬದಿಯ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವಾದರೆ, ಅಥವಾ ಕಿರುಬೆರಳಿನ ಉದ್ದೆಲುಬಿನ ಬುಡದಲ್ಲಿ, ಪಾದದ ನಡುವಿನ ಒಳಬದಿಯ ಎಲುಬಿನಲ್ಲಿ ಒತ್ತುನೋವಿದ್ದರೆ ಚಿತ್ರ ತೆಗೆಸಲೇಬೇಕು.

ಬಾವು ಇಳಿದ ಮೇಲೆ ಒಳ ಅಟ್ಟೆಯ ಪ್ರಶ್ನೆ ಬರುತ್ತದೆ. ಅದು ಪಾದದ ಕೆಳಗಿದ್ದು ಕೆಲಸ ಮಾಡುವ ವಸ್ತು. ಕೀಲನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಹಿಮ್ಮಡಿ ನೆಲವನ್ನು ಯಾವ ಓರೆಯಲ್ಲಿ ಮುಟ್ಟುತ್ತದೆ ಎಂಬುದನ್ನು ಕೆಲವೇ ಮಿಲಿಮೀಟರ್‌ಗಳಷ್ಟು ಬದಲಿಸುವುದು ಮಾತ್ರ ಅದಕ್ಕೆ ಸಾಧ್ಯ, ಆದ್ದರಿಂದ ಯಾವ ಬದಿಗೆ ಬದಲಿಸುತ್ತದೆ ಎಂಬುದೇ ಮುಖ್ಯ. ಒದ್ದೆ ಕಾಲಿನಿಂದ ಶಹಾಬಾದಿ ಕಲ್ಲಿನ ನೆಲದ ಮೇಲೆ ನಡೆದು ನೋಡಿರಿ. ಹಿಮ್ಮಡಿ ಮತ್ತು ಮುಂಗಾಲಿನ ಗುರುತುಗಳ ನಡುವೆ ತೀರ ತೆಳುವಾದ ಪಟ್ಟಿ ಮೂಡಿದರೆ ಅಥವಾ ಏನೂ ಮೂಡದಿದ್ದರೆ ಅದು ಎತ್ತರ ಕಮಾನಿನ ಪಾದ. ಇಂಥವರಲ್ಲಿ ಅನೇಕರ ಹಿಮ್ಮಡಿ ಮೊದಲೇ ಒಳಕ್ಕೆ ವಾಲಿರುತ್ತದೆ ಮತ್ತು ಬೂಟಿನ ಹೊರ ಅಂಚು ಬೇಗ ಸವೆದಿರುತ್ತದೆ. ಕಮಾನಿನಡಿ ಗಟ್ಟಿ ಉಬ್ಬು ಇಟ್ಟರೆ ಒಳ ಅಂಚು ಇನ್ನಷ್ಟು ಮೇಲೆದ್ದು, ಭಾರ ಹೊರಕ್ಕೆ ಸರಿದು, ಕಾಲು ಹೊರಳುವುದು ಸುಲಭವಾಗುತ್ತದೆ. ನವಲಗುಂದದ ಯುವಕನದು ಇದೇ ಬಗೆಯ ಪಾದ. ಅವನಿಗೆ ಬೇಕಾದದ್ದು ಹಿಮ್ಮಡಿಯ ಹೊರಬದಿಯಲ್ಲಿ ತುಸು ದಪ್ಪವಿದ್ದು ಒಳಬದಿಗೆ ಇಳಿಯುವ ಬೆಣೆಯಾಕಾರದ ಅಟ್ಟೆ. ಚಪ್ಪಟೆ ಪಾದದವರ ಲೆಕ್ಕ ಬೇರೆ. ಕಮಾನಿನ ಆಸರೆ ಅವರ ಪಾದದ ದಣಿವನ್ನೂ ನೋವನ್ನೂ ಕಡಿಮೆ ಮಾಡಬಹುದು.

ಪೊಟ್ಟಣದ ಮೇಲೆ 'ಉಳುಕು ತಡೆಯುತ್ತದೆ' ಎಂದು ಬರೆದಿದ್ದರೂ, ಬರೀ ಒಳ ಅಟ್ಟೆಯಿಂದ ಉಳುಕು ತಪ್ಪುತ್ತದೆ ಎನ್ನಲು ಬಲವಾದ ಆಧಾರವಿಲ್ಲ. ಹಿಂದೆ ಒಮ್ಮೆ ಉಳುಕಿದ ಕಾಲೇ ಮತ್ತೆ ಉಳುಕುವ ಅಪಾಯ ಹೆಚ್ಚು, ಏಕೆಂದರೆ ಲಿಗಮೆಂಟಿನ ಜೊತೆಗೆ ಕೀಲಿನ ಸ್ಥಾನವನ್ನು ಮಿದುಳಿಗೆ ತಿಳಿಸುವ ಸಂವೇದನೆಯೂ ಮಂಕಾಗಿರುತ್ತದೆ. ಮರು ಉಳುಕನ್ನು ತಡೆಯುವಲ್ಲಿ ಒಳ್ಳೆಯ ಆಧಾರವಿರುವುದು ಎರಡಕ್ಕೆ: ಆಟದ ವೇಳೆ ತೊಡುವ ಲೇಸ್ ಕಟ್ಟುವ ಅಥವಾ ಬದಿಗಳಲ್ಲಿ ಗಟ್ಟಿ ಪಟ್ಟಿಯುಳ್ಳ ಬ್ರೇಸ್ (ಕೀಲನ್ನು ಬಿಗಿದು ಹಿಡಿಯುವ ಕವಚ), ಮತ್ತು ಸಮತೋಲನದ ವ್ಯಾಯಾಮ. ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನ ಮೇಲೆ 30 ಸೆಕೆಂಡು ನಿಲ್ಲುವುದು, ಅದು ಸಲೀಸಾದ ಮೇಲೆ ನಾಲ್ಕು ಮಡಿಕೆಯ ಕೌದಿಯ ಮೇಲೆ ನಿಲ್ಲುವುದು, ಬಳಿಕ ಕಣ್ಣು ಮುಚ್ಚಿ ನಿಲ್ಲುವುದು. ಹಳೆಯ ಸೈಕಲ್ ಟ್ಯೂಬನ್ನು ಪಾದಕ್ಕೆ ಸಿಕ್ಕಿಸಿ ಹೊರಕ್ಕೆ ಎಳೆದು ಕಾಲಿನ ಹೊರಬದಿಯ ಸ್ನಾಯುಗಳನ್ನು ಬಲಪಡಿಸುವುದು. ಇದಕ್ಕೆ ಕನಿಷ್ಠ ಆರರಿಂದ ಎಂಟು ವಾರ ಬೇಕು. ಎರಡನೆಯ ವಾರಕ್ಕೇ ನೋವು ಹೋಯಿತೆಂದು ಮೈದಾನಕ್ಕೆ ಇಳಿಯುವವರೇ ಮರಳಿ ನನ್ನ ಬಳಿ ಬರುತ್ತಾರೆ. ಉಳುಕಿದ ಒಂಟಿ ಕಾಲಿನ ಮೇಲೆ ನೋವಿಲ್ಲದೆ, ಇನ್ನೊಂದು ಕಾಲಿನಷ್ಟೇ ಸರಾಗವಾಗಿ ಕುಪ್ಪಳಿಸಲು ಬಾರದವರಿಗೆ ನಾನು ಓಟಕ್ಕೆ ಒಪ್ಪಿಗೆ ಕೊಡುವುದಿಲ್ಲ.

ಅಟ್ಟೆ ಬೇಕೆಂದಾದರೆ ಮೊದಲು ಬೂಟನ್ನು ನೋಡಬೇಕು. ಹಿಮ್ಮಡಿ ಸುತ್ತಲಿನ ಗೋಡೆ ಬೆರಳಿನಿಂದ ಒತ್ತಿದರೆ ಮಡಿಚಿಕೊಳ್ಳುವಂತಿದ್ದರೆ ಎಂಥ ಅಟ್ಟೆಯೂ ವ್ಯರ್ಥ. ಬೂಟಿನೊಂದಿಗೆ ಬಂದ ಅಟ್ಟೆಯನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಇಡುವುದು ನಾನು ಕಾಣುವ ಸಾಮಾನ್ಯ ತಪ್ಪು; ಹಿಮ್ಮಡಿ ಆ ಗೋಡೆಯ ಆಸರೆಯಿಂದ ಮೇಲೆದ್ದು ಕಾಲು ಹೊರಳಲು ದಾರಿಯಾಗುತ್ತದೆ. ಮೊದಲ ದಿನ ಒಂದು ಗಂಟೆ ತೊಟ್ಟು, ದಿನದಿನಕ್ಕೆ ಹೆಚ್ಚಿಸುತ್ತ ಹೋಗಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿರುವವರು ಗಟ್ಟಿ ಅಟ್ಟೆಯನ್ನು ತಾವಾಗಿ ಕೊಂಡು ತೊಡಲೇಬಾರದು, ಅದು ಒತ್ತಿ ಹುಣ್ಣಾದರೂ ಅವರಿಗೆ ತಿಳಿಯುವುದಿಲ್ಲ. ಧಾರವಾಡದ ಮಳೆಗಾಲದಲ್ಲಿ ನೆನೆದ ಅಟ್ಟೆಯನ್ನು ಹೊರತೆಗೆದು ನೆರಳಿನಲ್ಲಿ ಆರಿಸಬೇಕು. ಒಲೆಯ ಪಕ್ಕದಲ್ಲೋ ಸುಡುಬಿಸಿಲಿನಲ್ಲೋ ಇಟ್ಟರೆ ಅಟ್ಟೆಯ ಇವಿಎ ಫೋಮ್ (ಸ್ಪಂಜಿನಂಥ ಹಗುರ ಪ್ಲಾಸ್ಟಿಕ್) ಕುಗ್ಗಿ ಸೊಟ್ಟಗಾಗಿ, ನಾವು ಮಿಲಿಮೀಟರ್ ಲೆಕ್ಕ ಹಾಕಿ ಕೊಟ್ಟ ಇಳಿಜಾರು ಕೆಟ್ಟುಹೋಗುತ್ತದೆ.