ಗ್ರಂಥಾಲಯದ ಮುಂದಿನ ಸಾಲು

ಸಿದ್ಧ ಉಡುಪಿನ ರಫ್ತನ್ನು ನೆಚ್ಚಿಕೊಂಡು ಬಡ ದೇಶವೊಂದು ಹೇಗೆ ಮೇಲೇಳಬಹುದು ಎಂಬುದನ್ನು ವಿವರಿಸಲು ನಾನು ಅರ್ಥಶಾಸ್ತ್ರದ ತರಗತಿಯಲ್ಲಿ ವರ್ಷಗಟ್ಟಲೆ ಬಾಂಗ್ಲಾದೇಶದ ಉದಾಹರಣೆ ಕೊಡುತ್ತಿದ್ದೆ. 2024ರ ಆಗಸ್ಟ್ 5ರಂದು, ವಿದ್ಯಾರ್ಥಿಗಳಿಂದ ಶುರುವಾದ ಚಳವಳಿಯ ಒತ್ತಡಕ್ಕೆ ಸಿಲುಕಿ ಅಲ್ಲಿನ ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟು ಭಾರತಕ್ಕೆ ಬಂದಿಳಿದ ಮೇಲೆ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಸರ್, ಬೆಳವಣಿಗೆ ಅಷ್ಟು ಚೆನ್ನಾಗಿದ್ದರೆ ಹುಡುಗರು ಬೀದಿಗೆ ಯಾಕೆ ಇಳಿದರು?" ಎಂದು ಕೇಳಿದ.

ಮೀಸಲಾತಿಯಿಂದಾಗಿ ಎಂದು ಹೇಳಿ ಮುಗಿಸಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಅಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಶೇ 56ರಷ್ಟು ಮೀಸಲಾಗಿದ್ದು, ಅದರಲ್ಲಿ ಶೇ 30ರಷ್ಟು 1971ರ ವಿಮೋಚನಾ ಯೋಧರ ಮಕ್ಕಳು, ಮೊಮ್ಮಕ್ಕಳ ಪಾಲಾಗಿತ್ತು. 2018ರ ಚಳವಳಿಗೆ ಮಣಿದು ಸರ್ಕಾರ ಮೇಲಿನ ದರ್ಜೆಯ ಹುದ್ದೆಗಳಲ್ಲಿ ಈ ವ್ಯವಸ್ಥೆಯನ್ನು ರದ್ದುಪಡಿಸಿತ್ತು. 2024ರ ಜೂನ್ 5ರಂದು ಹೈಕೋರ್ಟ್ ಆ ರದ್ದತಿಯನ್ನೇ ಅನೂರ್ಜಿತಗೊಳಿಸಿತು. (ನಮ್ಮಲ್ಲಿಯ ಜಾತಿ ಆಧಾರಿತ ಮೀಸಲಾತಿಯನ್ನು ಇದರೊಂದಿಗೆ ಬೆರೆಸಿ ಮಾತನಾಡುವವರನ್ನು ಕಂಡಾಗ ನನಗೆ ಕಸಿವಿಸಿಯಾಗುತ್ತದೆ. ಆಳುವ ಪಕ್ಷಕ್ಕೆ ಹತ್ತಿರದವರ ಮನೆಗೆ ನೌಕರಿ ಹೋಗುತ್ತದೆ ಎಂಬ ಗುಮಾನಿಯೇ ಅಲ್ಲಿ ದೊಡ್ಡದಾಗಿತ್ತು.)

ಆದರೆ ಸರ್ಕಾರಿ ನೌಕರಿಗೆ ಅಷ್ಟೊಂದು ಬೆಲೆ ಬಂದದ್ದೇಕೆ ಎಂಬುದು ಅಸಲು ಪ್ರಶ್ನೆ. ಆ ದೇಶದ ರಫ್ತಿನ ಗಳಿಕೆಯಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಉಡುಪಿನದು, ಸುಮಾರು 40 ಲಕ್ಷ ಮಂದಿಗೆ ಅದೇ ಅನ್ನ. ಆ ಕಾರ್ಖಾನೆಗಳು ಕೇಳುವುದು ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ಕೈಗಳನ್ನೇ ಹೊರತು ಪದವಿಯನ್ನಲ್ಲ. ಅಕ್ಕನ ಸಂಬಳದಲ್ಲಿ ಓದಿ ಎಂ.ಎ. ಮಾಡಿದ ತಮ್ಮನಿಗೆ ಅಲ್ಲಿ ತಕ್ಕ ಕೆಲಸವಿಲ್ಲ. ಹಾಗಾಗಿ ಢಾಕಾ ವಿಶ್ವವಿದ್ಯಾಲಯದ ಕೇಂದ್ರ ಗ್ರಂಥಾಲಯದ ಮುಂದೆ, ಬಾಗಿಲು ತೆರೆಯುವ ಮೊದಲೇ ಚೀಲಗಳನ್ನು ಸಾಲಾಗಿ ಇಟ್ಟು ಜಾಗ ಹಿಡಿಯುವ ರೂಢಿ ಬೆಳೆಯಿತು. ಒಳಗೆ ಕೂತು ಅನೇಕರು ಓದುತ್ತಿದ್ದುದು ತರಗತಿಯ ಪಠ್ಯವಲ್ಲ, ಸರ್ಕಾರಿ ಅಧಿಕಾರಿಗಳ ನೇಮಕಕ್ಕೆ ನಡೆಯುವ ಬಿಸಿಎಸ್ (ಬಾಂಗ್ಲಾದೇಶ ನಾಗರಿಕ ಸೇವೆ) ಪರೀಕ್ಷೆಯ ಗೈಡು. ಕೆಲವೇ ಸಾವಿರ ಹುದ್ದೆಗಳಿಗೆ ಲಕ್ಷಗಟ್ಟಲೆ ಅರ್ಜಿಗಳು ಬೀಳುತ್ತಿದ್ದವು, ಸಾಮಾನ್ಯ ಅಭ್ಯರ್ಥಿಗಳ ವಯೋಮಿತಿ ಆಗ 30 ಇತ್ತು. ಇಪ್ಪತ್ತೆಂಟು ದಾಟಿದವನಿಗೆ ಒಂದೊಂದು ಅಧಿಸೂಚನೆಯೂ ಕೊನೆಯದಿರಬಹುದು.

ಮನೆಯ ಖರ್ಚೂ ಹಗುರವಿರಲಿಲ್ಲ. ಆ ಜುಲೈನಲ್ಲಿ ಆಹಾರದ ಹಣದುಬ್ಬರ ಶೇ 14ನ್ನು ದಾಟಿತ್ತು. ಸಿಟ್ಟನ್ನು ಮತಪೆಟ್ಟಿಗೆಗೆ ಹಾಕೋಣವೆಂದರೆ, ಜನವರಿಯ ಚುನಾವಣೆಯನ್ನು ಮುಖ್ಯ ವಿರೋಧ ಪಕ್ಷವೇ ಬಹಿಷ್ಕರಿಸಿತ್ತು. ಜುಲೈ 16ರಂದು ರಂಗಪುರದಲ್ಲಿ ಎರಡೂ ಕೈ ಚಾಚಿ ನಿಂತ ವಿದ್ಯಾರ್ಥಿ ಅಬು ಸಯೀದ್ ಪೊಲೀಸರ ಗುಂಡಿಗೆ ಬಲಿಯಾದ ದೃಶ್ಯ ದೇಶದ ತುಂಬ ಹರಡಿತು. ಜುಲೈ 21ರಂದು ಸುಪ್ರೀಂ ಕೋರ್ಟ್ ಮೀಸಲಾತಿಯನ್ನು ಶೇ 7ಕ್ಕೆ ಇಳಿಸಿದಾಗ ಚಳವಳಿಯ ಮೂಲ ಬೇಡಿಕೆ ಬಹುಪಾಲು ಈಡೇರಿದಂತಾಗಿತ್ತು, ಆದರೂ ಹುಡುಗರು ಮನೆಗೆ ಮರಳಲಿಲ್ಲ. ನನ್ನ ವಿದ್ಯಾರ್ಥಿಗೆ ನಾನು ತೋರಿಸಿದ್ದು ಈ ದಿನಾಂಕವನ್ನೇ. ಆ ಕೆಲವು ವಾರಗಳಲ್ಲಿ 1,400ರಷ್ಟು ಮಂದಿ ಸತ್ತಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅಂದಾಜಿಸಿದೆ.

ಮುಂದೆ ಬಂದ ಮಧ್ಯಂತರ ಸರ್ಕಾರ ವಯೋಮಿತಿಯನ್ನು 32ಕ್ಕೆ ಏರಿಸಿತು. ಉದ್ಯೋಗಾಕಾಂಕ್ಷಿಗಳು ಕೇಳಿದ್ದು 35. ಹುದ್ದೆಗಳು ಇದ್ದಷ್ಟೇ ಇದ್ದು ವಯಸ್ಸು ಮಾತ್ರ ಏರಿದರೆ, ಗ್ರಂಥಾಲಯದ ಬಾಗಿಲಲ್ಲಿ ಆ ಚೀಲ ಇನ್ನೆರಡು ವರ್ಷ ಕಾಯುತ್ತದೆ, ಅಷ್ಟೆ.