ಓದುಗರ ಪ್ರಶ್ನೆ: ಕ್ಯಾಮೆರಾ, ಸ್ಕ್ಯಾನರ್ ಇರುವಾಗ ಬಂದರಿಗೆ ತರಬೇತಾದ ಕಾವಲುಗಾರರು ಯಾಕೆ?

ಪ್ರಶ್ನೆ: ಮಂಗಳೂರಿನ ಪಣಂಬೂರಿನ ಬಂದರಿನ ಮುಂದೆ ಹೋಗುವಾಗಲೆಲ್ಲ ಸಿಐಎಸ್‌ಎಫ್‌ನವರು (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಕಾವಲಿರುವುದನ್ನು ನೋಡುತ್ತೇನೆ. ಈಗ ಎಲ್ಲ ಕಡೆ ಕ್ಯಾಮೆರಾ ಬಂದಿದೆ, ಸ್ಕ್ಯಾನರ್ ಬಂದಿದೆ. ಗೇಟ್ ಕಾಯುವವರಿಗೆ ಅಷ್ಟೊಂದು ತರಬೇತಿ ನಿಜವಾಗಿ ಬೇಕಾ?

ಉತ್ತರ: ಬೇಕೇ ಬೇಕು. ಯಾಕೆ ಅಂತ ತಿಳಿಯಲು ಗೇಟಿಗೆ ಬಂದ ಒಂದು ಲಾರಿಯ ಹಿಂದೆ ಹೋಗಿ ನಿಲ್ಲೋಣ.

ಚಿಕ್ಕಮಗಳೂರು ಕಡೆಯ ಕಾಫಿ ತುಂಬಿದ ಕಂಟೈನರ್ ಅಂದುಕೊಳ್ಳಿ. ಬಾಗಿಲ ಮೇಲೆ ನಾಲ್ಕು ಅಕ್ಷರ, ಏಳು ಅಂಕಿಗಳ ನಂಬರ್ ಇದೆ. ಚಿಲಕಕ್ಕೆ ಬೆರಳು ಗಾತ್ರದ ಬೋಲ್ಟ್ ಸೀಲ್ ಹಾಕಿದ್ದಾರೆ, ಕತ್ತರಿಸದೆ ತೆಗೆಯಲಾಗದ ಲೋಹದ ಮುದ್ರೆ ಅದು. ಅದರ ಮೇಲೂ ಒಂದು ನಂಬರ್. ಎರಡೂ ಕಾಗದದಲ್ಲಿ ಇರುವ ಹಾಗೆಯೇ ಇವೆ. ಏನೂ ಕಲಿಯದವನು ಇಷ್ಟು ನೋಡಿ 'ಹೋಗು' ಅನ್ನುತ್ತಾನೆ. ಕ್ಯಾಮೆರಾಕ್ಕೂ ಇಷ್ಟೇ ಕಾಣುವುದು.

ಕಲಿತವನು ಸೀಲನ್ನು ಕೈಯಲ್ಲಿ ಹಿಡಿದು ಎಳೆಯುತ್ತಾನೆ, ತಿರುಚಿ ನೋಡುತ್ತಾನೆ. ಕತ್ತರಿಸಿ ಅಂಟಿಸಿದ್ದರೆ ಆಗಲೇ ಕೈಗೆ ಬರುತ್ತದೆ. ಆಮೇಲೆ ಅವನ ಕಣ್ಣು ಹೋಗುವುದು ಚಿಲಕದ ರಿವೆಟ್‌ಗಳ ಕಡೆಗೆ. ಯಾಕೆಂದರೆ ಪಳಗಿದ ಕಳ್ಳರು ಸೀಲ್ ಮುಟ್ಟುವುದೇ ಇಲ್ಲ. ಚಿಲಕವನ್ನು ಹಿಡಿದಿರುವ ರಿವೆಟನ್ನೇ ಕೊರೆದು ತೆಗೆದು, ಸೀಲ್ ಇದ್ದ ಹಾಗೇ ಬಾಗಿಲು ತೆರೆಯುತ್ತಾರೆ. ಕೆಲಸ ಮುಗಿದ ಮೇಲೆ ಹೊಸ ಬೋಲ್ಟ್ ಕೂರಿಸಿ ಬಣ್ಣ ಬಳಿಯುತ್ತಾರೆ. ಉಪ್ಪುಗಾಳಿಗೆ ಸುತ್ತಲಿನದ್ದೆಲ್ಲ ತುಕ್ಕು ಹಿಡಿದಿರುವಾಗ ಒಂದು ಮಾತ್ರ ಹೊಳೆಯುತ್ತಿದ್ದರೆ ಲಾರಿಯನ್ನು ಪಕ್ಕಕ್ಕೆ ಹಾಕಿಸಬೇಕು. ಖಾಲಿ ಕಂಟೈನರ್ ಆದರೆ ಒಳಗೆ ಟೇಪ್ ಹಿಡಿದು ಅಳೆಯಬೇಕು. 20 ಅಡಿಯ ಕಂಟೈನರ್‌ನ ಒಳಗಿನ ಉದ್ದ ಸುಮಾರು 5.9 ಮೀಟರ್ ಇರುತ್ತದೆ. ಒಂದಡಿ ಕಮ್ಮಿ ಬಂದರೆ ಹಿಂದೆ ಸುಳ್ಳು ಗೋಡೆ ಇರಬಹುದು.

ಇನ್ನು ಡ್ರೈವರ್ ಜೊತೆಗಿನ ಮಾತು. 'ಎಲ್ಲಿಂದ ಹೊರಟಿರಿ? ದಾರಿಯಲ್ಲಿ ಎಲ್ಲಿ ನಿಲ್ಲಿಸಿದಿರಿ? ಕ್ಲೀನರ್ ಬದಲಾಗಿದ್ದಾನಲ್ಲ?' ಸುಮ್ನೆ ಹರಟೆಯ ಹಾಗೆ ಕೇಳಿಸುತ್ತದೆ, ಆದರೆ ಅರ್ಧ ತಪಾಸಣೆ ಇಲ್ಲೇ ಆಗುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದರೆ ಲಾರಿ ತಡವಾಗುವುದು ಸಹಜ ಅಂತ ಗೊತ್ತಿರುವವನು ಬಡಪಾಯಿ ಡ್ರೈವರನ್ನು ಸತಾಯಿಸುವುದಿಲ್ಲ. ಘಾಟಿ ಸರಿಯಾಗಿದ್ದ ದಿನ ಐದಾರು ಗಂಟೆ ತಡವಾದರೆ ಬಿಡುವುದೂ ಇಲ್ಲ. ಸಿಐಎಸ್‌ಎಫ್‌ನವರು ದೇಶದ ಎಲ್ಲ ಮೂಲೆಗಳಿಂದ ಬಂದವರು. ಅವರಿಗೆ ನಾಲ್ಕು ಮಾತು ಕನ್ನಡ, ತುಳು ಕಲಿಸುವುದನ್ನೂ ತರಬೇತಿಯ ಭಾಗ ಅಂತಲೇ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಒಂದು ವಿಷಯ ಸ್ಪಷ್ಟ ಇರಲಿ. ಸರಕನ್ನು ಬಿಚ್ಚಿ ನೋಡುವುದು ಕಾವಲುಗಾರರ ಕೆಲಸ ಅಲ್ಲ, ಅದು ಕಸ್ಟಮ್ಸ್‌ನವರದ್ದು. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಸುಮಾರು 3,000 ಕಿಲೋ ಹೆರಾಯಿನ್ ಸಿಕ್ಕಿತಲ್ಲ, ಟಾಲ್ಕ್ ಕಲ್ಲು ಅಂತ ಕಾಗದದಲ್ಲಿ ಬರೆದು ತಂದದ್ದು? ಅದನ್ನು ಹಿಡಿದದ್ದೂ ಕಾವಲುಗಾರರಲ್ಲ, ಕಳ್ಳಸಾಗಣೆ ಪತ್ತೆ ಮಾಡುವ ಕಂದಾಯ ಗುಪ್ತಚರ ನಿರ್ದೇಶನಾಲಯ (ಡಿಆರ್‌ಐ). ಗೇಟಿನಲ್ಲಿರುವವರು ಅನುಮಾನ ಬಂದದ್ದನ್ನು ಬೇರೆ ಮಾಡಿ ನಿಲ್ಲಿಸಬೇಕು, ಸರಿಯಾದವರಿಗೆ ತಕ್ಷಣ ತಿಳಿಸಬೇಕು. ಉಳಿದ ಲಾರಿಗಳು ನಿಲ್ಲದೆ ಸಾಗಬೇಕು. ಸಾಲು ಹೆದ್ದಾರಿಗೆ ಬಂದರೆ ಅದೇ ಇನ್ನೊಂದು ತೊಂದರೆ.

ಇದಕ್ಕೆಲ್ಲ ಬರೆದಿಟ್ಟ ನಿಯಮವಿದೆ. ಅಮೆರಿಕದ ಮೇಲೆ 2001ರಲ್ಲಿ ದಾಳಿ ಆದ ಮೇಲೆ ಅಂತಾರಾಷ್ಟ್ರೀಯ ಕಡಲ ಸಂಸ್ಥೆ ಹಡಗು, ಬಂದರುಗಳ ಭದ್ರತೆಗೆ ಐಎಸ್‌ಪಿಎಸ್ ಎಂಬ ಸಂಹಿತೆ ತಂದಿತು. 2004ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಭದ್ರತೆಗೆ ಮೂರು ಹಂತ. ಒಂದನೆಯದು ದಿನನಿತ್ಯದ್ದು, ಎರಡನೆಯದು ಅಪಾಯ ಜಾಸ್ತಿ ಇರುವಾಗ, ಮೂರನೆಯದು ದಾಳಿ ಇನ್ನೇನು ಆಗಬಹುದು ಅನ್ನುವಾಗ. ಹಂತ ಬದಲಾದ ಕೂಡಲೇ ಯಾವ ಗೇಟ್ ಮುಚ್ಚಬೇಕು, ಯಾರು ಎಲ್ಲಿ ನಿಲ್ಲಬೇಕು ಅನ್ನುವುದು ಕಾವಲಿನವರಿಗೆ ಬಾಯಿಪಾಠ ಇರಬೇಕು. ಅದಕ್ಕೇ ಮೂರು ತಿಂಗಳಿಗೊಮ್ಮೆಯಾದರೂ ಅಣಕು ಕಾರ್ಯಾಚರಣೆ ಮಾಡಬೇಕು ಅಂತ ಸಂಹಿತೆ ಹೇಳುತ್ತದೆ.

ಬಾಯಿಪಾಠ ಯಾಕೆ? 1944ರ ಏಪ್ರಿಲ್ 14ರಂದು ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ನಿಂತಿತ್ತು. ಹತ್ತಿ ಮೂಟೆ, ಸ್ಫೋಟಕ ಎರಡೂ ಒಂದೇ ಹಡಗಿನಲ್ಲಿ! ಮಧ್ಯಾಹ್ನ ಎರಡರ ಸುಮಾರಿಗೆ ಬೆಂಕಿ ಬಿದ್ದದ್ದು ಹಡಗಿನವರಿಗೆ ಗೊತ್ತಾಯಿತು. ಹೊರಗೆ ಎಳೆದೊಯ್ಯಬೇಕಾ, ನಿಂತಲ್ಲೇ ಮುಳುಗಿಸಬೇಕಾ ಎಂಬ ಗೊಂದಲದಲ್ಲೇ ಸಮಯ ಕಳೆಯಿತು. ನಾಲ್ಕು ಗಂಟೆ ದಾಟುತ್ತಿದ್ದಂತೆ ಹಡಗು ಸಿಡಿಯಿತು. ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಅಗ್ನಿಶಾಮಕ ದಳದವರು. ಏಪ್ರಿಲ್ 14 ಇವತ್ತಿಗೂ ನಮಗೆ ಅಗ್ನಿಶಾಮಕ ಸೇವಾ ದಿನ. ಪಣಂಬೂರಿನಲ್ಲಿ ಕಚ್ಚಾತೈಲ ಇಳಿಯುತ್ತದೆ, ಎಲ್‌ಪಿಜಿ ಇಳಿಯುತ್ತದೆ. ಜೆಟ್ಟಿಗೆ ಹೋಗುವವರ ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆಸುವುದು ಕಿರಿಕಿರಿ ಅನ್ನಿಸಬಹುದು. ನನಗಂತೂ ಆ ಕೆಲಸ ಮಾಡುವವರ ಬಗ್ಗೆ ದೊಡ್ಡ ಗೌರವ ಇದೆ.

ಒಳಗಿನವರೇ ಕೈಜೋಡಿಸಿದರೆ? ಆ ಭಯ ಸುಳ್ಳಲ್ಲ. ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್ ಬಂದರಿನಲ್ಲಿ ಕೊಕೇನ್ ಹೊರತೆಗೆಯಲು ಚಿಕ್ಕ ವಯಸ್ಸಿನ ಹುಡುಗರು ಬೇಲಿ ದಾಟುತ್ತಾರೆ, ದಿನಗಟ್ಟಲೆ ಕಂಟೈನರ್ ಒಳಗೇ ಅಡಗಿರುತ್ತಾರೆ. ಅವರಿಗೆ ಬೇಕಾದ ಮಾಹಿತಿ ಲಂಚ ತಿಂದ ನೌಕರರಿಂದ ಸಿಕ್ಕಿದ್ದೂ ಉಂಟು. ಹಾಗಾಗಿ ಕಾವಲಿನ ಜಾಗ ಆಗಾಗ ಬದಲಿಸಬೇಕು, ಒಬ್ಬನೇ ಎಲ್ಲ ತೀರ್ಮಾನಿಸುವಂತೆ ಬಿಡಬಾರದು, ಸಂಬಳ ಸರಿಯಾಗಿ ಕೊಡಬೇಕು. ತಿಂಗಳ ಕೊನೆಗೆ ಕೈ ಖಾಲಿಯಾಗುವವನನ್ನು ಕೋಟಿಗಟ್ಟಲೆ ಸರಕಿನ ಮುಂದೆ ನಿಲ್ಲಿಸುವುದು ತಪ್ಪು.

ಕೊನೆಯದಾಗಿ, ಹೆಚ್ಚಿನವರ ಗಮನಕ್ಕೆ ಬಾರದ ಒಂದು ಮಾತು. ಹಡಗಿನ ಸಿಬ್ಬಂದಿ ನೆಲಕ್ಕಿಳಿದು ಓಡಾಡಿ ಬರಲು ಅನುಕೂಲ ಮಾಡಿಕೊಡಬೇಕು ಅಂತಲೂ ಅದೇ ಸಂಹಿತೆ ಹೇಳುತ್ತದೆ. ತಿಂಗಳುಗಟ್ಟಲೆ ನೀರಿನ ಮೇಲಿದ್ದವನು ಏಣಿ ಇಳಿದು, ಶೋರ್ ಪಾಸ್ ಹಿಡಿದು ಗೇಟಿಗೆ ಬರುತ್ತಾನೆ. ಒಳ್ಳೆಯ ಕಾವಲುಗಾರ ಪಾಸಿನ ಫೋಟೊವನ್ನೂ ಮುಖವನ್ನೂ ಸರಿಯಾಗಿ ಹೋಲಿಸುತ್ತಾನೆ, ಚೀಲ ನೋಡುತ್ತಾನೆ. ಆಮೇಲೆ ಮಂಗಳೂರಿನ ಬಸ್ ಎಲ್ಲಿ ನಿಲ್ಲುತ್ತದೆ ಅಂತ ಕೈ ತೋರಿಸುತ್ತಾನೆ.