ಪೊರೆ ಆಪರೇಷನ್ ಹೆಚ್ಚಿತು, ಸರಿ, ಪೊರೆಯೂ ಹೆಚ್ಚಿತಾ?

ಭಾರತದಲ್ಲಿ ವರ್ಷಕ್ಕೆ 60 ಲಕ್ಷಕ್ಕೂ ಜಾಸ್ತಿ ಕಣ್ಣಿನ ಪೊರೆ ಆಪರೇಷನ್ ನಡೆಯುತ್ತವೆ. ಈ ಲೆಕ್ಕ ಕೇಳಿದ ಕೂಡಲೇ ಯಾರಾದರೂ ಮೊಬೈಲಿನ ಮೇಲೆ ಗೂಬೆ ಕೂರಿಸುತ್ತಾರೆ. "ಮೊದಲೆಲ್ಲ ಎಲ್ಲಿತ್ತು ಇಷ್ಟೊಂದು ಪೊರೆ?" ಮೊದಲೂ ಇತ್ತು ಸ್ವಾಮಿ. ಪೊರೆಗೆ ಮುಖ್ಯ ಕಾರಣ ವಯಸ್ಸು. ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು ಅದನ್ನು ಬೇಗ ತರುತ್ತವೆ.

ಆಪರೇಷನ್ ಪ್ರಮಾಣವನ್ನು ಅಳೆಯುವುದು 10 ಲಕ್ಷ ಜನಸಂಖ್ಯೆಗೆ ವರ್ಷಕ್ಕೆ ಎಷ್ಟು ಅಂತ. 1980ರ ದಶಕದ ಆರಂಭದಲ್ಲಿ ನಮ್ಮ ದೇಶದಲ್ಲಿ ಅದು ಸಾವಿರವೂ ಮುಟ್ಟಿರಲಿಲ್ಲ. 2010ರ ದಶಕದಲ್ಲಿ 5,000 ದಾಟಿತು. ಇಲ್ಲಿ ಎಣಿಸುವುದು ಕಣ್ಣುಗಳನ್ನು. ಎರಡೂ ಕಣ್ಣಿಗೆ ಮಾಡಿಸಿಕೊಂಡವರು ಎರಡು ಸಲ ಲೆಕ್ಕಕ್ಕೆ ಬರುತ್ತಾರೆ.

ಹಾಗಂತ ಹಿಂದಿನ ವೈದ್ಯರು ಕೈಕಟ್ಟಿ ಕೂತಿರಲಿಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ನೇತ್ರ ಶಿಬಿರದಲ್ಲಿ ಒಂದೇ ದಿನ 833 ಆಪರೇಷನ್ ಮಾಡಿ ಗಿನ್ನೆಸ್ ದಾಖಲೆ ಸೇರಿದವರು. ತೊಡಕು ಇದ್ದದ್ದು ಆಮೇಲೆ. ಆಗ ಮಸುಕಾದ ಮಸೂರವನ್ನು ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಅದರಲ್ಲಿ ವಸ್ತುಗಳು ಕಾಲುಭಾಗದಷ್ಟು ದೊಡ್ಡದಾಗಿ ಕಾಣುತ್ತವೆ. ಒಂದೇ ಕಣ್ಣಿಗೆ ಆಪರೇಷನ್ ಆಗಿದ್ದರೆ ಒಂದು ಕಣ್ಣಿಗೆ ದೊಡ್ಡ ಲೋಟ, ಇನ್ನೊಂದಕ್ಕೆ ಚಿಕ್ಕ ಲೋಟ. ಎರಡನ್ನೂ ಮಿದುಳು ಕೂಡಿಸಲಾರದು. ಅದಕ್ಕೇ ಎರಡೂ ಕಣ್ಣು ಮಂಜಾಗುವವರೆಗೆ ಕಾಯುತ್ತಿದ್ದರು. "ಪೊರೆ ಬಲಿಯಲಿ ಬಿಡಿ" ಅನ್ನುವ ಮಾತು ಆ ಕಾಲದ್ದು. ಇವತ್ತೂ ಅದನ್ನೇ ಹೇಳುವವರನ್ನು ಕಂಡರೆ ನನಗೆ ರೇಗುತ್ತದೆ. ಬಲಿತಷ್ಟೂ ಮಸೂರ ಗಟ್ಟಿಯಾಗುತ್ತದೆ, ತೆಗೆಯುವುದು ಕಷ್ಟವಾಗುತ್ತದೆ.

1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣೊಳಗೇ ಪ್ಲಾಸ್ಟಿಕ್ ಲೆನ್ಸ್ ಇಟ್ಟರು. ಯುದ್ಧವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಲ್ಲಿ ಸುಮ್ನೆ ಕೂತಿದ್ದನ್ನು ಅವರು ಗಮನಿಸಿದ್ದರು. ಮದುರೈನ ಅರೋಲ್ಯಾಬ್ 1992ರಿಂದ ಲೆನ್ಸ್ ತಯಾರಿಸತೊಡಗಿತು, ಬೆಲೆ ನೆಲಕ್ಕಿಳಿಯಿತು. ಲೆನ್ಸ್ ಕಣ್ಣೊಳಗೇ ಇದ್ದರೆ ಸೋಡಾಬುಡ್ಡಿ ಬೇಡ, ಎರಡನೇ ಕಣ್ಣೂ ಮಂಜಾಗಲಿ ಅಂತ ಕಾಯುವುದೂ ಬೇಡ.

ಆಗ ಬದಲಾದದ್ದು ಪಾಸ್ ಮಾರ್ಕು. ಪರೀಕ್ಷೆಯಲ್ಲಿ ಅದನ್ನು 60ರಿಂದ 35ಕ್ಕೆ ಇಳಿಸಿದರೆ ಪಾಸಾದವರು ಹೆಚ್ಚುತ್ತಾರೆ. ಮಕ್ಕಳು ಜಾಣರಾದರು ಅಂತಲ್ಲ, ಅಲ್ವಾ? ಮೊದಲು ದೃಷ್ಟಿ 6/60ಕ್ಕೆ ಇಳಿದ ಮೇಲೆ, ಅಂದರೆ ಮಾಮೂಲಿ ಕಣ್ಣು 60 ಮೀಟರಿನಿಂದ ಓದುವ ಅಕ್ಷರವನ್ನು 6 ಮೀಟರಿನಿಂದ ಓದುವ ಸ್ಥಿತಿ ಬಂದ ಮೇಲೆ, ಆಪರೇಷನ್. ಈಗ 6/18ಕ್ಕೇ ಮಾಡುತ್ತಾರೆ, ಕೆಲಸಕ್ಕೆ ತೊಂದರೆಯಾದರೆ ಅದಕ್ಕೂ ಮೊದಲೇ. ಹಿಂದೆ ಎಷ್ಟೋ ಮಂದಿ 6/60 ಮುಟ್ಟುವ ಮೊದಲೇ ತೀರಿಕೊಳ್ಳುತ್ತಿದ್ದರು. ಅವರ ಮಸುಕು ಕಣ್ಣು ಯಾವ ಲೆಕ್ಕಕ್ಕೂ ಬರಲಿಲ್ಲ. ಈಗ ಅಂಥವರೂ ಎಣಿಕೆಗೆ ಬರುತ್ತಾರೆ, ಎರಡು ಕಣ್ಣಿನ ಸಮೇತ.

ಆಪರೇಷನ್ ಸಂಖ್ಯೆಯ ದೋಷವೂ ಅಲ್ಲೇ ಇದೆ. ಪಟ್ಟಣದವರು 6/18ಕ್ಕೇ ಮಾಡಿಸಿಕೊಂಡರೂ ಅದು ಏರುತ್ತದೆ, ಹಳ್ಳಿಯ ಅಜ್ಜಿ ಕತ್ತಲಲ್ಲೇ ಉಳಿದಿರಬಹುದು. 2015-19ರ ರಾಷ್ಟ್ರೀಯ ಸಮೀಕ್ಷೆಯಲ್ಲೂ 50 ದಾಟಿದವರ ಕುರುಡುತನದಲ್ಲಿ ಶೇ. 66ಕ್ಕೆ ಪೊರೆಯೇ ಕಾರಣವಾಗಿತ್ತು. ಆದ್ದರಿಂದ ಕೇಳಬೇಕಾದ್ದು, ಆಪರೇಷನ್ ಬೇಕಿದ್ದವರಲ್ಲಿ ಎಷ್ಟು ಜನರಿಗೆ ಅದು ಆಗಿ ಕಣ್ಣು ಚೆನ್ನಾಗಿ ಕಾಣುತ್ತಿದೆ ಅಂತ. 2030ರೊಳಗೆ ಈ ಅಳತೆಯನ್ನು 30 ಶೇಕಡಾ ಅಂಶದಷ್ಟು (ಅಂದರೆ ಶೇ. 40 ಇದ್ದರೆ ಶೇ. 70ಕ್ಕೆ) ಏರಿಸುವ ಗುರಿಗೆ ವಿಶ್ವ ಆರೋಗ್ಯ ಸಭೆ 2021ರಲ್ಲಿ ಒಪ್ಪಿದೆ.